ಡಬ್ಬಿಯ ಮೇಲಿನ ಅಂಕಿ ಒಂದು, ಗಾಜಿನ ಮೇಲಿನದು ಇನ್ನೊಂದು

ಮಾನ್ಯ ಸಂಪಾದಕರೇ,

ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಜೆ.ಸಿ. ರಸ್ತೆಯ ಕಾರ್ ಆಕ್ಸೆಸರಿ ಅಂಗಡಿಗಳ ಮುಂದೆ ವಾಹನಗಳ ಸಾಲು ಬೆಳೆಯುತ್ತದೆ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಬಲಗೈ ಚುರುಗುಟ್ಟಿದವರಿಗೆ ಗಾಜಿಗೆ ಸನ್ ಫಿಲ್ಮ್ ಹಾಕಿಸೋಣ ಅನ್ನಿಸುವುದು ಸಹಜ. ಈಗೀಗ ಇನ್ನೊಂದು ಗುಂಪೂ ಹುಟ್ಟಿಕೊಂಡಿದೆ. ಆನ್‌ಲೈನ್‌ನಲ್ಲಿ ರೋಲ್ ತರಿಸಿಕೊಂಡು, ಎರಡು ವಿಡಿಯೋ ನೋಡಿ, ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ತಾವೇ ಅಂಟಿಸಲು ಕೂರುವವರು ಇವರು. ಅಂಗಡಿಗೆ ಹೋಗುವವರಾಗಲಿ, ಸ್ವಂತ ಕೈಗೆ ಇಳಿಯುವವರಾಗಲಿ, ಮೊದಲು ಕೇಳುವುದು ಒಂದೇ ಮಾತು: "ಎಷ್ಟು ಪರ್ಸೆಂಟ್ ಫಿಲ್ಮ್ ಹಾಕಬಹುದು?" ಈ ಪ್ರಶ್ನೆಗೆ ಉತ್ತರ ಹೇಳಲು ಆಗುವುದೇ ಇಲ್ಲ, ಗಾಜು ಈಗ ಎಷ್ಟು ಬೆಳಕು ಬಿಡುತ್ತಿದೆ ಎಂದು ಅಳೆಯುವ ತನಕ. ಈ ಪತ್ರ ಮುಖ್ಯವಾಗಿ ಆ ಅಳತೆಯ ಬಗ್ಗೆ. ಯಾವ ಗಾಜನ್ನು ಸ್ವತಃ ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಎನ್ನುವುದು ಅದರ ಬೆನ್ನಿಗೇ ಬರುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ 50 ಬೆಳಕು ಹಾಯಬೇಕು. ಹಾಯುವ ಬೆಳಕಿನ ಈ ಪ್ರಮಾಣಕ್ಕೇ ವಿಎಲ್‌ಟಿ (ವಿಸಿಬಲ್ ಲೈಟ್ ಟ್ರಾನ್ಸ್‌ಮಿಷನ್) ಅನ್ನುವುದು. ಅಂಕಿ ಹೆಚ್ಚಾದಷ್ಟೂ ಗಾಜು ತಿಳಿ. ಇಲ್ಲೇ ಅರ್ಧ ಜನ ಎಡವುತ್ತಾರೆ. "20 ಪರ್ಸೆಂಟ್ ಅಂದರೆ ಸ್ವಲ್ಪವೇ ಕಪ್ಪು ತಾನೇ" ಎಂದು 20ರ ಫಿಲ್ಮ್ ಹಾಕಿಸಿಕೊಂಡು ಬರುತ್ತಾರೆ, ರಾತ್ರಿ ರಿವರ್ಸ್ ತೆಗೆಯುವಾಗ ಗೊತ್ತಾಗುತ್ತದೆ.

ಉಳಿದರ್ಧ ಜನ ಎಡವುವುದು ಲೆಕ್ಕದಲ್ಲಿ. ಕಾರ್ಖಾನೆಯಿಂದ ಬಂದ ಗಾಜು ಶೇ 100 ಬೆಳಕು ಬಿಡುವುದಿಲ್ಲ. ಈಗಿನ ಕಾರುಗಳ ತೆಳುಹಸಿರು ಬಾಗಿಲ ಗಾಜು ಸಾಮಾನ್ಯವಾಗಿ ಶೇ 70ರಿಂದ 80ರ ನಡುವೆ ಇರುತ್ತದೆ. ಅದರ ಮೇಲೆ ಫಿಲ್ಮ್ ಕೂತಾಗ ಎರಡನ್ನೂ ಗುಣಿಸಬೇಕು. ಗಾಜು 78, ಫಿಲ್ಮ್ 70 ಎಂದುಕೊಳ್ಳಿ. 0.78 ಗುಣಿಸು 0.70 ಅಂದರೆ 0.546, ಶೇ 54.6. ಪಾಸ್. ಅದೇ ಗಾಜಿಗೆ 60ರ ಫಿಲ್ಮ್ ಹಾಕಿದರೆ 46.8. ಫೇಲ್. ಇನ್ನು ಡಬ್ಬಿಯ ಮೇಲೆ "50%, ಕಾನೂನುಬದ್ಧ" ಎಂದು ಅಚ್ಚು ಹಾಕಿ ಮಾರುವ ಫಿಲ್ಮ್ ಹಾಕಿದರೆ 39. ಅಂಗಡಿಯವನು ಸುಳ್ಳು ಹೇಳಿರುವುದಿಲ್ಲ, ಫಿಲ್ಮ್ ನಿಜವಾಗಿಯೂ 50ರದ್ದೇ. ಆದರೆ ಪೊಲೀಸರ ಮೀಟರ್ ಡಬ್ಬಿ ಓದುವುದಿಲ್ಲ, ಗಾಜು ಓದುತ್ತದೆ. ಮೀಟರುಗಳಲ್ಲೇ ಒಂದೆರಡು ಅಂಕದ ವ್ಯತ್ಯಾಸ ಇರುವುದರಿಂದ 50.5ಕ್ಕೆ ನಿಲ್ಲಿಸುವುದೂ ಜಾಣತನವಲ್ಲ. 54, 55 ಸಿಗುವಂತೆ ಆರಿಸಬೇಕು.

ಈ ಲೆಕ್ಕವನ್ನು ಮುಂದಿನ ಗಾಜಿಗೆ ಹಚ್ಚಿ ನೋಡಿ. ಗಾಜು 80 ಇದೆ ಎಂದು ಉದಾರವಾಗಿ ಹಿಡಿದರೂ 88ರ ಫಿಲ್ಮ್ ಹಾಕಿದರೆ 70.4ಕ್ಕೆ ಬಂದು ನಿಲ್ಲುತ್ತದೆ. ಗಾಜು 76 ಇದ್ದರೆ 90ರ ಫಿಲ್ಮ್ ಕೂಡ 68.4ಕ್ಕೆ ಇಳಿಸಿಬಿಡುತ್ತದೆ. ಅಂದರೆ ವಿಂಡ್‌ಸ್ಕ್ರೀನಿಗೆ ಜಾಗವೇ ಇಲ್ಲ. ಹಿಂದಿನ ಗಾಜಿಗೂ ಮಿತಿ 70 ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಬಾಗಿಲಿಗೆ ಹಾಕಿದ ಫಿಲ್ಮನ್ನೇ "ಮ್ಯಾಚಿಂಗ್ ಇರಲಿ ಸಾರ್" ಎಂದು ಹಿಂದಕ್ಕೂ ಎಳೆದುಬಿಡುತ್ತಾರೆ.

ಕಾನೂನಿನ ಕಥೆ ಇನ್ನೂ ಸ್ವಲ್ಪ ಇದೆ. ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ, ಗಾಜು ಕಾರ್ಖಾನೆಯಲ್ಲೇ 70, 50ರ ಪ್ರಮಾಣದ್ದಾಗಿ ತಯಾರಾಗಿರಬೇಕು, ಆಮೇಲೆ ಎಷ್ಟೇ ತಿಳಿಯಾದ ಫಿಲ್ಮನ್ನಾಗಲಿ ಬೇರೆ ವಸ್ತುವನ್ನಾಗಲಿ ಅಂಟಿಸುವಂತಿಲ್ಲ ಎಂದಿತು. ಅದು ಮೇ 4ರಿಂದ ಜಾರಿಗೆ ಬಂತು. "ಬೇರೆ ವಸ್ತು" ಎನ್ನುವ ಮಾತನ್ನು ಗಮನಿಸಿ, ಫಿಲ್ಮ್ ಬೇಡ ಎಂದು ಬಲೆಯ ಪರದೆ ಸಿಕ್ಕಿಸಿಕೊಂಡವರೂ ಅದರೊಳಗೇ ಬರುತ್ತಾರೆ. ಮುಂದೆ 100ನೇ ನಿಯಮಕ್ಕೇ ತಿದ್ದುಪಡಿಯಾಗಿ, 2021ರ ಏಪ್ರಿಲ್ 1ರಿಂದ 'ಸೇಫ್ಟಿ ಗ್ಲಾಸ್' ಜೊತೆಗೆ 'ಸೇಫ್ಟಿ ಗ್ಲೇಜಿಂಗ್' ಎಂಬ ಪದವೂ ಸೇರಿತು. ವಾಹನದ ಗಾಜಿಗಿರುವ ಭಾರತೀಯ ಮಾನದಂಡ ಐಎಸ್ 2553 ಭಾಗ 2ರ 2019ರ ಪರಿಷ್ಕೃತ ರೂಪದಲ್ಲಿ, ಒಳಮುಖಕ್ಕೆ ಪ್ಲಾಸ್ಟಿಕ್ ಪದರ ಇರುವ ಗಾಜೂ ಈ ಗ್ಲೇಜಿಂಗ್‌ನ ವ್ಯಾಪ್ತಿಗೆ ಬರುತ್ತದೆ. ಇದನ್ನೇ ಆಧಾರ ಮಾಡಿಕೊಂಡು ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ, 70 ಮತ್ತು 50ರ ಮಿತಿಯೊಳಗಿನ, ಮಾನದಂಡಕ್ಕೆ ಒಪ್ಪುವ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದು ಹೇಳಿತು. ತೀರ್ಪು ಅಲ್ಲಿನದು. ಅದರ ಪ್ರತಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡರೆ ಕೋರಮಂಗಲದಲ್ಲಿ ಯಾರೂ ತಡೆಯುವುದಿಲ್ಲ ಎಂದುಕೊಳ್ಳಬೇಡಿ. ಮಿತಿಯೊಳಗಿದ್ದರೆ ವಾದಿಸಲು ನಿಮ್ಮ ಬಳಿ ಒಂದು ಮಾತಿರುತ್ತದೆ, ಮಿತಿ ಮೀರಿದ್ದರೆ ಅದೂ ಇರುವುದಿಲ್ಲ. ಅಷ್ಟೇ ವ್ಯತ್ಯಾಸ.

70ರ ತಿಳಿ ಫಿಲ್ಮಿನಿಂದ ಏನು ಪ್ರಯೋಜನ, ಕಪ್ಪಾದರೆ ತಾನೇ ತಂಪು ಎನ್ನುವವರಿಗೆ ಒಂದು ವಿಷಯ. ಭೂಮಿಗೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಸರಿಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಅದನ್ನು ತಡೆಯಲು ಕಪ್ಪು ಬಣ್ಣ ಬೇಕಾಗಿಲ್ಲ. ಬರೀ ಬಣ್ಣ ಹಾಕಿದ ಅಗ್ಗದ ಡೈ ಫಿಲ್ಮ್ ಬೆಳಕನ್ನು ಕಡಿಮೆ ಮಾಡುತ್ತದೆಯೇ ಹೊರತು ಶಾಖವನ್ನು ತಡೆಯುವುದು ಅಷ್ಟಕ್ಕಷ್ಟೆ; ಎರಡು ಮೂರು ಬೇಸಿಗೆಗೆ ಬಣ್ಣ ಕಳೆದು ನೇರಳೆಗೆ ತಿರುಗುತ್ತದೆ. ಲೋಹದ ಪದರದ ಫಿಲ್ಮ್ ಶಾಖ ತಡೆಯುತ್ತದೆ, ಜೊತೆಗೆ ಮೊಬೈಲ್, ಜಿಪಿಎಸ್ ಸಿಗ್ನಲ್ಲಿಗೂ ಅಡ್ಡ ಬರುತ್ತದೆ. ವಿಂಡ್‌ಸ್ಕ್ರೀನಿನಲ್ಲಿ ಇದ್ದರೆ ಫಾಸ್ಟ್ಯಾಗ್ ಓದುವುದಕ್ಕೂ ತೊಂದರೆ, ನೆಲಮಂಗಲ ಟೋಲಿನಲ್ಲಿ ಹಿಂದಿನವರ ಹಾರ್ನ್ ಕೇಳಬೇಕಾಗುತ್ತದೆ. ಸೆರಾಮಿಕ್ ಫಿಲ್ಮಿನಲ್ಲಿ ಲೋಹ ಇಲ್ಲ, ತಿಳಿಯಾಗಿದ್ದೂ ಇನ್‌ಫ್ರಾರೆಡ್ ತಡೆಯುತ್ತದೆ, ಬೆಲೆ ಮಾತ್ರ ಹಲವು ಪಟ್ಟು. ಮುಂದಿನ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟ ಲ್ಯಾಮಿನೇಟೆಡ್ ಗಾಜಾದ್ದರಿಂದ ನೇರಳಾತೀತ ಕಿರಣವನ್ನು ಅದಾಗಲೇ ಬಹುಪಾಲು ತಡೆದಿರುತ್ತದೆ. ಕೈ ಕಪ್ಪಾಗುವುದು ಬಾಗಿಲ ಗಾಜಿನಿಂದ. ಹಾಗಾಗಿ ದುಡ್ಡು ಹಾಕುವುದಾದರೆ ಬಾಗಿಲುಗಳಿಗೇ ಹಾಕಿ.

ಅಂಗಡಿಗಳಲ್ಲಿ ಒಂದು ಆಟ ನಡೆಯುತ್ತದೆ. ಕೆಂಪು ಹೀಟ್ ಲ್ಯಾಂಪ್ ಹಚ್ಚಿ, ಫಿಲ್ಮ್ ಅಂಟಿಸಿದ ಗಾಜನ್ನು ಅಡ್ಡ ಹಿಡಿದು, "ಕೈ ಇಡಿ ಸಾರ್, ಬಿಸಿ ಗೊತ್ತಾಗುತ್ತಾ?" ಎನ್ನುತ್ತಾರೆ. ಅರ್ಧ ನಿಮಿಷಕ್ಕೆ ಗೊತ್ತಾಗುವುದಿಲ್ಲ. ಆದರೆ ಆ ಶಾಖವನ್ನು ಗಾಜು ಹೀರಿಕೊಂಡಿರುತ್ತದೆ, ಹತ್ತು ನಿಮಿಷ ಬಿಟ್ಟರೆ ಅದೇ ಗಾಜು ನಿಮ್ಮ ಕಡೆಗೆ ಬಿಸಿ ಬಿಡಲು ಶುರುಮಾಡುತ್ತದೆ. "97% ಐಆರ್ ರಿಜೆಕ್ಷನ್" ಎನ್ನುವುದೂ ಹಾಗೆಯೇ, ಇನ್‌ಫ್ರಾರೆಡ್ಡಿನ ಒಂದು ಸಣ್ಣ ಪಟ್ಟಿಯಲ್ಲಿ ಅಳೆದ ಅಂಕಿ ಅದು. ಕೇಳಬೇಕಾದ್ದು ಟಿಎಸ್‌ಇಆರ್, ಅಂದರೆ ಬಿಸಿಲಿನ ಒಟ್ಟು ಶಕ್ತಿಯಲ್ಲಿ ಎಷ್ಟು ಪಾಲು ಹೊರಗೇ ಉಳಿಯಿತು ಎಂಬುದು. ಆ ಅಂಕಿ ಜಾಹೀರಾತಿನಲ್ಲಿ ಬರುವಷ್ಟು ದೊಡ್ಡದಿರುವುದಿಲ್ಲ, ಅದಕ್ಕೇ ಅದನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಮಧ್ಯಾಹ್ನ ಪೂರ್ತಿ ಬಯಲಲ್ಲಿ ನಿಂತ ಕಾರು ಯಾವ ಫಿಲ್ಮ್ ಇದ್ದರೂ ಒಲೆಯೇ ಆಗುತ್ತದೆ, ಆಗುವುದು ಸ್ವಲ್ಪ ನಿಧಾನ.

ಈಗ ಸ್ವಂತ ಕೈಕೆಲಸದ ಮಾತು. ಇಳಿಸಿ ಏರಿಸಬಹುದಾದ ನಾಲ್ಕು ಬಾಗಿಲ ಗಾಜು ತಾಳ್ಮೆ ಇದ್ದವರಿಗೆ ಸಾಧ್ಯ. ಅವು ಹೆಚ್ಚುಕಡಿಮೆ ಒಂದೇ ಕಡೆಗೆ ಬಾಗಿದ ಗಾಜು, ಫಿಲ್ಮ್ ಸುಮ್ಮನೆ ಕೂರುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ರೋಲ್ ಹೆಚ್ಚಾಗಿ 50 ಸೆಂ.ಮೀ. ಅಗಲ, 3 ಮೀಟರ್ ಉದ್ದ. ಒಂದು ಬಾಗಿಲಿಗೆ ಸುಮಾರು ಒಂದು ಮೀಟರ್ ಹಿಡಿದರೆ ನಾಲ್ಕಕ್ಕೆ 4 ಮೀಟರ್, ಮೊದಲ ಬಾಗಿಲು ಕೆಟ್ಟೇ ಕೆಡುತ್ತದೆ ಎಂದು ಇನ್ನೊಂದು. ಎರಡು ರೋಲ್ ಬೇಕು, ಅವು ಒಂದೇ ಬ್ಯಾಚಿನದ್ದಾಗಿರಲಿ. ಎತ್ತರದ ಎಸ್‌ಯುವಿ ಆದರೆ ಮೊದಲು ಟೇಪ್ ಹಿಡಿದು ಅಳೆಯಿರಿ, 50 ಸೆಂ.ಮೀ. ಸಾಲದೇ ಹೋಗಬಹುದು. ಬಾಗಿಲ ರಬ್ಬರಿನ ಕೆಳಗೆ ಹೋಗುವ 2 ಸೆಂ.ಮೀ. ಗಾಜನ್ನೂ ಲೆಕ್ಕಕ್ಕೆ ಸೇರಿಸಬೇಕು.

ಉಪಕರಣ ದೊಡ್ಡದೇನಿಲ್ಲ. 9 ಮಿ.ಮೀ. ಸ್ನ್ಯಾಪ್ ಕಟರ್ ಮತ್ತು ಅದಕ್ಕೆ ಸ್ಟೇನ್‌ಲೆಸ್ ಬ್ಲೇಡ್ (ಕಾರ್ಬನ್ ಸ್ಟೀಲ್ ಬ್ಲೇಡ್ ಗಾಜಿಗೆ ಗೀರು ಹಾಕುತ್ತದೆ), ಗಾಜು ಕೆರೆಯಲು ರೇಜರ್ ಸ್ಕ್ರೇಪರ್, ನೀರು ಒತ್ತಿ ತೆಗೆಯಲು ಗಟ್ಟಿ ರಬ್ಬರಿನ ಸ್ಕ್ವೀಜಿ, ಅಂಚುಗಳಿಗೆ ಒಂದು ಪ್ಲಾಸ್ಟಿಕ್ ಕಾರ್ಡ್, ಎರಡು ಸ್ಪ್ರೇ ಬಾಟಲಿ, ನೂಲು ಬಿಡದ ಬಟ್ಟೆ. ಎಸ್.ಜೆ.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತವೆ. ಬ್ಲೇಡಿನಲ್ಲಿ ಜಿಪುಣತನ ಬೇಡ. ಪ್ರತಿ ಗಾಜಿಗೂ ತುದಿ ಮುರಿದು ಹೊಸದು ಮಾಡಿಕೊಳ್ಳಿ. ಮೊಂಡು ಬ್ಲೇಡ್ ಫಿಲ್ಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ, ಆ ಹರಿದ ಅಂಚು ಮುಂದೆ ಸಿಪ್ಪೆ ಏಳುತ್ತದೆ.

ಬೆಂಗಳೂರಿನಲ್ಲಿ ಯಾರೂ ಯೋಚಿಸದ ವಸ್ತು ನೀರು. ಹೊರವಲಯದ ಬಹುತೇಕ ಅಪಾರ್ಟ್‌ಮೆಂಟುಗಳಲ್ಲಿ ನಲ್ಲಿಗೆ ಬರುವುದು ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರು, ಗಡಸು. ಗಡಸು ನೀರಿಗೆ ಸೋಪು ಸೇರಿದರೆ ಬಿಳಿ ಕೆನೆ ಕಟ್ಟುತ್ತದೆ, ಅದು ಫಿಲ್ಮಿನ ಕೆಳಗೆ ಸಿಕ್ಕಿಕೊಂಡು ಒಣಗಿದರೆ ಮಬ್ಬು ಕಲೆ. ಆ ಕಲೆ ಹೋಗುವುದಿಲ್ಲ, ಹೋಗುವುದು ಫಿಲ್ಮ್ ಕಿತ್ತಾಗಲೇ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ 5 ಲೀಟರಿನ ಕ್ಯಾನ್ ತಂದುಕೊಳ್ಳಿ, ಇಲ್ಲದಿದ್ದರೆ ಮನೆಯ ಆರ್‌ಓ ನೀರು. ಲೀಟರಿಗೆ ಅರ್ಧ ಟೀ ಚಮಚ ಬೇಬಿ ಶಾಂಪೂ ಸಾಕು. ಫಿಲ್ಮ್ ಜಾರುವುದಿಲ್ಲ ಎಂದು ಶಾಂಪೂ ಸುರಿದರೆ ಅಂಟು ಹಿಡಿಯುವುದಿಲ್ಲ. ಕಂಡಿಷನರ್ ಸೇರಿದ ಶಾಂಪೂ, ಕೈ ಮೃದುವಾಗಿಸುವ ಪಾತ್ರೆ ಲಿಕ್ವಿಡ್ ಎರಡೂ ಬೇಡ, ಅವುಗಳ ಜಿಡ್ಡು ಗಾಜಿನ ಮೇಲೆ ಉಳಿಯುತ್ತದೆ.

ಜಾಗ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ರಸ್ತೆ ಬದಿ ಬೇಡ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರಂತೂ ಬೇಡವೇ ಬೇಡ. ಬೇಸ್‌ಮೆಂಟ್ ಆದೀತು, ನೆಲಕ್ಕೆ ಮೊದಲು ನೀರು ಚಿಮುಕಿಸಿ ಧೂಳು ಕೂರಿಸಿ. ಆ ಹೊತ್ತು ಕಾರಿನ ಏಸಿ, ಹತ್ತಿರದ ಫ್ಯಾನು ಆರಿಸಿ. ತೊಟ್ಟ ಬಟ್ಟೆಯೂ ನೂಲು ಬಿಡುತ್ತದೆ, ಉಣ್ಣೆಯ ಸ್ವೆಟರ್ ಹಾಕಿಕೊಂಡು ಈ ಕೆಲಸಕ್ಕೆ ಇಳಿಯಬಾರದು.

ಒಂದು ಬಾಗಿಲನ್ನು ಹತ್ತಿರದಿಂದ ನೋಡೋಣ. ಮೊದಲು ಒಳಗಿನ ಬಾಗಿಲ ಪ್ಯಾಡಿಗೆ, ಮುಖ್ಯವಾಗಿ ಪವರ್ ವಿಂಡೋ ಸ್ವಿಚ್‌ಗಳ ಮೇಲೆ, ದಪ್ಪ ಟವೆಲ್ ಹೊದಿಸಿ ಅದರ ಅಂಚನ್ನು ಗಾಜಿನ ರಬ್ಬರಿಗೆ ಒತ್ತಿ ಸಿಕ್ಕಿಸಬೇಕು. ಸ್ವಿಚ್ಚಿಗೆ ಸೋಪು ನೀರು ಇಳಿದರೆ ಫಿಲ್ಮಿನ ಖರ್ಚಿಗಿಂತ ಸ್ವಿಚ್ಚಿನ ಖರ್ಚೇ ಹೆಚ್ಚು. ಆಮೇಲೆ ಗಾಜು. ಕಣ್ಣಿಗೆ ಶುದ್ಧವಾಗಿ ಕಂಡರೂ ಒದ್ದೆ ಮಾಡಿ, ಸ್ಕ್ರೇಪರನ್ನು ಒಂದೇ ದಿಕ್ಕಿಗೆ ಎಳೆಯುತ್ತಾ ಮೇಲಿನಿಂದ ಕೆಳಕ್ಕೆ ಬನ್ನಿ. ಬ್ಲೇಡು ಕರಕರ ಸದ್ದು ಮಾಡಿದ ಕಡೆಯೆಲ್ಲ ಕೊಳೆ ಇದೆ ಎಂದರ್ಥ, ಸದ್ದು ನಿಲ್ಲುವ ತನಕ ಕೆರೆಯಬೇಕು. ಗಾಜನ್ನು 5 ಮಿ.ಮೀ.ನಷ್ಟು ಇಳಿಸಿ ಮೇಲಂಚನ್ನೂ ಒರೆಸಿ. ಬದಿಯ ರಬ್ಬರ್ ಸಂದಿಯಲ್ಲಿ ವರ್ಷಗಳ ಧೂಳು ಕೂತಿರುತ್ತದೆ. ಬೆರಳ ತುದಿಗೆ ಬಟ್ಟೆ ಸುತ್ತಿ ಎಳೆಯಿರಿ. ಈ ಧೂಳೇ ಮುಂದೆ ಫಿಲ್ಮಿನ ಅಂಚಿನುದ್ದಕ್ಕೂ ರಾಗಿ ಚೆಲ್ಲಿದ ಹಾಗೆ ಕಾಣುವುದು.

ಫಿಲ್ಮ್ ಕತ್ತರಿಸುವ ಮುಂಚೆ ನಿಮ್ಮ ಪತ್ರಿಕೆಯದೇ ಹಳೆಯ ಹಾಳೆಯನ್ನು ಗಾಜಿನ ಹೊರಮುಖಕ್ಕೆ ಟೇಪಿನಲ್ಲಿ ಅಂಟಿಸಿ ಅಚ್ಚು ತೆಗೆದುಕೊಳ್ಳಬಹುದು. ಎಡ ಬಾಗಿಲಿನ ಅಚ್ಚನ್ನು ಮಗುಚಿದರೆ ಬಲಕ್ಕೂ ಆಗುತ್ತದೆ, ಹೀಗೆ ನಾಲ್ಕು ಗಾಜಿಗೆ ಎರಡೇ ಅಚ್ಚು. ಕೈ ಪಳಗಿದವರು ನೇರವಾಗಿ ಗಾಜಿನ ಹೊರಮೈ ಮೇಲೆ ಫಿಲ್ಮ್ ಹಾಸಿ ಕತ್ತರಿಸುತ್ತಾರೆ. ಆಗ ಅಂಟನ್ನು ಮುಚ್ಚಿರುವ ತೆಳು ಲೈನರ್ ಹಾಳೆ ನಿಮ್ಮ ಮುಖದ ಕಡೆಗೆ ಇರಬೇಕು. ತಿರುಗಾಮುರುಗಾ ಆದರೆ ಕತ್ತರಿಸಿದ ತುಂಡು ಎದುರು ಬಾಗಿಲಿನದ್ದಾಗುತ್ತದೆ. ಯಾವ ಬದಿ ಲೈನರ್ ಎಂದು ತಿಳಿಯದಿದ್ದರೆ ಮೂಲೆಯ ಎರಡೂ ಬದಿಗೆ ಸೆಲ್ಲೋ ಟೇಪ್ ಹಚ್ಚಿ ಬಿಡಿಸಿ, ಬಿಟ್ಟುಬರುವುದು ಲೈನರ್. ಮೇಲಂಚು ಗಾಜಿನ ಅಂಚಿಗಿಂತ 2 ಮಿ.ಮೀ. ಕೆಳಗಿರಲಿ, ಮೂಲೆಗಳು ಚೂಪಾಗಿರದೆ ದುಂಡಗಿರಲಿ. ಅಂಚಿನ ತನಕ ಪೂರ್ತಿ ತಂದರೆ ಚೆಂದ ಎಂದು ಹೊಸಬರಿಗೆ ಆಸೆ. ಗಾಜು ಏರಿದಾಗಲೆಲ್ಲ ಮೇಲಿನ ರಬ್ಬರ್ ಆ ಅಂಚನ್ನು ತಿಕ್ಕಿ ತಿಂಗಳೊಳಗೆ ಸಿಪ್ಪೆ ಎಬ್ಬಿಸುತ್ತದೆ. ಬದಿಗಳಲ್ಲಿ ರಬ್ಬರಿನ ಒಳಗೆ ಹೋಗುವಷ್ಟು, ಕೆಳಗೆ 2 ಸೆಂ.ಮೀ. ಹೆಚ್ಚು ಬಿಡಿ.

ಅಂಟಿಸುವಾಗ ಒಳಗಾಜನ್ನು ನೀರು ಹರಿಯುವಷ್ಟು ಒದ್ದೆ ಮಾಡಿ, ನಿಮ್ಮ ಬೆರಳನ್ನೂ. ಲೈನರನ್ನು ಮೇಲಿನ ಮುಕ್ಕಾಲು ಭಾಗ ಮಾತ್ರ ಬಿಡಿಸುತ್ತಾ, ತೆರೆದುಕೊಂಡ ಅಂಟಿನ ಮೇಲೆ ಬೆನ್ನಿಗೇ ನೀರು ಹೊಡೆಯುತ್ತಾ ಹೋಗಬೇಕು. ಅಂಟಿಗೆ ಅಂಟು ತಗುಲಿದರೆ ಆ ತುಂಡು ಕಸದ ಬುಟ್ಟಿಗೆ. ಇದಕ್ಕೆ ಎರಡನೇ ಜೋಡಿ ಕೈ ಬೇಕೇ ಬೇಕು. ಸ್ವಲ್ಪ ಇಳಿಸಿದ ಗಾಜಿಗೆ ಮೇಲಂಚು ಹೊಂದಿಸಿ, ಫಿಲ್ಮಿನ ಹೊರಮೈಗೂ ನೀರು ಹೊಡೆದು, ನಡುವಿನಿಂದ ಅಂಚಿಗೆ ಸ್ಕ್ವೀಜಿ ಎಳೆಯಿರಿ. ಒಂದು ಗೆರೆ ಮುಂದಿನ ಗೆರೆಯ ಮೇಲೆ ಅರ್ಧ ಬರಬೇಕು. ಒಣ ಫಿಲ್ಮಿನ ಮೇಲೆ ಸ್ಕ್ವೀಜಿ ಎಳೆದರೆ ಗೀರು ಬೀಳುತ್ತದೆ. ಮೇಲ್ಭಾಗ ಹಿಡಿದ ಮೇಲೆ ಗಾಜನ್ನು ಪೂರ್ತಿ ಏರಿಸಿ, ಉಳಿದ ಲೈನರ್ ಬಿಡಿಸಿ, ಕೆಳಗಿನ ತುದಿಯನ್ನು ಕಾರ್ಡಿನಿಂದ ರಬ್ಬರಿನ ಒಳಕ್ಕೆ ತಳ್ಳಿ. ಧೂಳು ಹೊಕ್ಕುವುದು ಹೆಚ್ಚಾಗಿ ಇಲ್ಲೇ, ರಬ್ಬರಿಗೆ ತಾಗಿದ ಅಂಟು ಅಲ್ಲಿನ ಕೊಳೆಯನ್ನೆಲ್ಲ ಎತ್ತಿಕೊಂಡು ಬರುತ್ತದೆ. ಕೊನೆಗೆ ಕಾರ್ಡಿಗೆ ಟಿಶ್ಯೂ ಸುತ್ತಿ ನಾಲ್ಕೂ ಅಂಚು ಒತ್ತಿ ನೀರು ತೆಗೆಯಿರಿ.

ಆಮೇಲೆ ಕಾಣುವ ಗುಳ್ಳೆಗಳಲ್ಲಿ ಮೂರು ಜಾತಿ. ಒತ್ತಿದರೆ ಮೆತ್ತಗೆ ಸರಿಯುವ, ಮಬ್ಬಾಗಿ ಕಾಣುವ ಗುಳ್ಳೆ ನೀರಿನದು. ಬಿಸಿಲಿದ್ದರೆ ಒಂದೆರಡು ವಾರ, ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ತಿಂಗಳೇ ಹಿಡಿದರೂ ತಾನಾಗಿ ಹೋಗುತ್ತದೆ. ಹೊಳೆಯುವ ಗುಳ್ಳೆ ಗಾಳಿಯದು, ಅದೇ ದಿನ ಒತ್ತಿ ಅಂಚಿಗೆ ತಳ್ಳದಿದ್ದರೆ ಉಳಿದುಬಿಡುತ್ತದೆ. ನಡುವೆ ಕರಿ ಚುಕ್ಕೆ ಇದ್ದು ಸುತ್ತ ಟೊಪ್ಪಿಗೆಯಂತೆ ಎದ್ದಿದ್ದರೆ ಅದು ಧೂಳು, ಅದಕ್ಕೆ ಮದ್ದಿಲ್ಲ. ಇನ್ನು ಬಿಡಿಸುವಾಗಲೇ ಫಿಲ್ಮ್ ಮಡಚಿ ಗೆರೆ ಬಿದ್ದಿದ್ದರೆ ಅದನ್ನು ಅಂಟಿಸಲೇ ಹೋಗಬೇಡಿ, ಯಾವ ಹೀಟ್ ಗನ್ನಿಗೂ ಆ ಗೆರೆ ಅಳಿಯುವುದಿಲ್ಲ. ಮೂರರಿಂದ ಐದು ದಿನ ಗಾಜು ಇಳಿಸಬಾರದು. ಮರೆತು ಒತ್ತುವುದು ಮಕ್ಕಳು ಮಾತ್ರವಲ್ಲ, ಟೋಲಿನಲ್ಲಿ ನಾವೂ. ಹಾಗಾಗಿ ವಿಂಡೋ ಲಾಕ್ ಒತ್ತಿ, ಚಾಲಕನ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ. ತಿಂಗಳ ತನಕ ಒಳಗಾಜಿಗೆ ಅಮೋನಿಯ ಇರುವ ಗ್ಲಾಸ್ ಕ್ಲೀನರ್ ತಾಗಿಸಬೇಡಿ, ಡೈ ಫಿಲ್ಮಿಗಂತೂ ಎಂದೂ ಬೇಡ.

ಹಿಂದಿನ ಗಾಜನ್ನು ಮನೆಯಲ್ಲಿ ಮಾಡಬೇಡಿ. 70ರ ಮಿತಿ ಒಂದು ಕಾರಣ. ಎರಡನೆಯದು ಆಕಾರ: ಅದು ಎರಡು ದಿಕ್ಕಿಗೂ ಉಬ್ಬಿದ ಗಾಜು, ಚಪ್ಪಟೆ ಫಿಲ್ಮ್ ಅದರ ಮೇಲೆ ಸುಕ್ಕಾಗದೆ ಕೂರುವುದೇ ಇಲ್ಲ. ಅಂಗಡಿಯ ಹುಡುಗರು ಫಿಲ್ಮನ್ನು ಮೊದಲು ಹೊರಗಡೆ ಹಾಸಿ, ಸುಕ್ಕನ್ನೆಲ್ಲ ಒಂದು ದಿಕ್ಕಿಗೆ ತಂದು, ಹೀಟ್ ಗನ್ ಆಡಿಸುತ್ತಾ ಕುಗ್ಗಿಸುತ್ತಾರೆ. ಫಿಲ್ಮ್ ಕುಗ್ಗುವುದು ಮುಖ್ಯವಾಗಿ ರೋಲಿನ ಉದ್ದಕ್ಕೆ, ಆದ್ದರಿಂದ ಸುಕ್ಕಿನ ಗೆರೆಗಳು ಆ ಉದ್ದಕ್ಕೆ ಅಡ್ಡವಾಗಿ ಬರುವಂತೆ ಹಾಸಬೇಕು. ಇದು ತಿಳಿಯದೆ ಬಿಸಿ ಮಾಡಿದರೆ ಸುಕ್ಕು ಹೋಗುವ ಬದಲು ಮಡಿಕೆಯಾಗಿ ಸುಟ್ಟು ನಿಲ್ಲುತ್ತದೆ. ಒಂದೇ ಕಡೆ ಗನ್ ನಿಂತರೆ ಗಾಜೇ ಸಿಡಿಯಬಹುದು. ಮೂರನೆಯದು ಬಿಸಿಯಾಗಿ ಗಾಜಿನ ಮಂಜು ತೆಗೆಯುವ ಡಿಫಾಗರ್ ಗೆರೆಗಳು. ಅವು ಗಾಜಿನ ಒಳಮೈಗೆ ಅಂಟಿದ ತೆಳು ವಾಹಕ. ಹಳೆಯ ಫಿಲ್ಮ್ ಕೀಳುವಾಗ ಬ್ಲೇಡ್ ಅಡ್ಡ ಎಳೆದರೆ ಗೆರೆ ತುಂಡಾಗುತ್ತದೆ, ಮಳೆಗಾಲದಲ್ಲಿ ಅಲ್ಲಿ ಮಾತ್ರ ಮಂಜು ಉಳಿಯುತ್ತದೆ. ಕೀಳಲೇಬೇಕಾದರೆ ಸ್ಟೀಮರ್ ಹಿಡಿದು ಅಂಟು ಮೆತ್ತಗಾದ ಮೇಲೆ ನಿಧಾನವಾಗಿ ಎಳೆಯುವುದು, ಉಳಿದ ಅಂಟನ್ನು ಸೋಪು ನೀರು ಹಾಕಿ ಗೆರೆಯ ಉದ್ದಕ್ಕೇ ಉಜ್ಜುವುದು.

ಅಂಗಡಿಗೆ ಹೋಗುವುದಾದರೆ ಬಾಯಿಮಾತಿಗೆ ಬೆಲೆ ಕೊಡಬೇಡಿ. ಫಿಲ್ಮ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ನಿಮ್ಮೆದುರೇ ಮೀಟರ್ ಇಟ್ಟು ತೋರಿಸಲಿ, ಪ್ರತಿ ಗಾಜಿನ ಅಂಕಿಯನ್ನೂ ಬಿಲ್ಲಿನಲ್ಲಿ ಬರೆದುಕೊಡಲಿ. ಮೀಟರಿನಲ್ಲಿ ಎರಡು ಬಗೆ: ಸೀಳಿನಂತಿರುವುದು ಇಳಿಸಿದ ಬಾಗಿಲ ಗಾಜಿನ ಅಂಚಿಗೆ ಮಾತ್ರ ಕೂರುತ್ತದೆ, ಒಳಗೊಂದು ಹೊರಗೊಂದು ಇಟ್ಟು ಅಯಸ್ಕಾಂತದಿಂದ ಜೋಡಿಸುವ ಎರಡು ತುಂಡಿನದು ಮುಂದಿನ ಹಿಂದಿನ ಗಾಜಿಗೂ ಆಗುತ್ತದೆ. ಮೀಟರೇ ಇಲ್ಲದ ಅಂಗಡಿ 'ಲೀಗಲ್ ಫಿಲ್ಮ್' ಎಂದು ಬೋರ್ಡು ಹಾಕಿದ್ದರೆ ನಕ್ಕು ಮುಂದೆ ಹೋಗಿ. ರೋಲನ್ನು ನಿಮ್ಮೆದುರೇ ಬಿಚ್ಚಲಿ, ಲೈನರಿನ ಮೇಲೆ ಕಂಪನಿಯ ಹೆಸರು ಅಚ್ಚಾಗಿದೆಯೇ ನೋಡಿ, ವಾರಂಟಿ ಕಾರ್ಡಿನ ಸೀರಿಯಲ್ ನಂಬರ್ ಕಂಪನಿಯಲ್ಲಿ ನೋಂದಣಿಯಾಗುತ್ತದೆಯೇ ಕೇಳಿ. ಕಂಪನಿ ವಾರಂಟಿ ಬಣ್ಣ ಹೋಗುವುದಕ್ಕೆ. ಅಂಚು ಏಳುವುದು, ಧೂಳು ಸಿಕ್ಕುವುದು ಕೈಕೆಲಸದ ತಪ್ಪು, ಅದಕ್ಕೆ ಅಂಗಡಿಯದೇ ಬೇರೆ ಮಾತು ಬರೆಸಿಕೊಳ್ಳಬೇಕು. ಕಂಪ್ಯೂಟರ್ ಪ್ಲಾಟರಿನಲ್ಲಿ ಕತ್ತರಿಸುವ ಕಡೆ ನಿಮ್ಮ ಗಾಜಿನ ಮೇಲೆ ಬ್ಲೇಡ್ ಓಡುವುದಿಲ್ಲ, ಅದೊಂದು ನೆಮ್ಮದಿ. ಫುಟ್‌ಪಾತಿನ ಮೇಲೆ ಕಾರು ನಿಲ್ಲಿಸಿಕೊಂಡು, ಬಸ್ಸಿನ ಧೂಳಿನ ನಡುವೆ, ಒಂದು ಗಂಟೆಯಲ್ಲಿ ಆರು ಗಾಜು ಮುಗಿಸಿಕೊಡುವವರಿಗೆ ದುಡ್ಡು ಕೊಡುವುದಕ್ಕಿಂತ ಬೇಸ್‌ಮೆಂಟಿನಲ್ಲಿ ನೀವೇ ಮಾಡಿಕೊಳ್ಳುವುದು ಎಷ್ಟೋ ವಾಸಿ.

ದಪ್ಪ 'ಸೇಫ್ಟಿ ಫಿಲ್ಮ್' ಹಾಕಿಸುವವರಿಗೆ ಇನ್ನೊಂದು ಮಾತು. ಬಾಗಿಲ ಗಾಜು ಒಡೆದರೆ ಸಣ್ಣ ಹರಳಾಗಿ ಉದುರಬೇಕು, ಟಫನ್ಡ್ ಗಾಜಿನ ಗುಣವೇ ಅದು. ಮೇಲೆ ಫಿಲ್ಮ್ ಇದ್ದರೆ ಹರಳುಗಳು ಉದುರದೆ ಹಾಳೆಯಂತೆ ಜೋತು ನಿಲ್ಲುತ್ತವೆ. ಕಳ್ಳನಿಗೆ ಅದು ಅಡ್ಡಿ, ಒಳಗಿರುವವರಿಗೂ ಅಡ್ಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಮುಳುಗಿ ಯುವತಿಯೊಬ್ಬರು ಸತ್ತದ್ದು ಈ ಊರಿಗೆ ನೆನಪಿದೆ. ಫಿಲ್ಮ್ ಇರುವ ಕಾರಿನಲ್ಲಿ ಗಾಜು ಒಡೆಯುವ ಸುತ್ತಿಗೆ ಕೈಗೆ ಸಿಗುವ ಕಡೆ ಇರಬೇಕು. ಹೊಡೆಯುವುದು ಗಾಜಿನ ಮೂಲೆಗೆ, ಒಡೆದ ಮೇಲೆ ಕಾಲಿನಿಂದ ಹೊರಕ್ಕೆ ಒದೆಯಬೇಕಾಗುತ್ತದೆ. ಲ್ಯಾಮಿನೇಟೆಡ್ ಆದ ಮುಂದಿನ ಗಾಜನ್ನು ಒಡೆದು ಹೊರಬರುತ್ತೇನೆ ಎಂದು ನೆಚ್ಚಿಕೊಳ್ಳಬೇಡಿ.

ಸಂಚಾರ ಪೊಲೀಸ್ ಇಲಾಖೆಗೆ ಒಂದು ಕೋರಿಕೆ ಇದೆ. ದಂಡ ಹಾಕಲು ಬಳಸುವ ಮೀಟರನ್ನು, ತಿಂಗಳಿಗೊಂದು ಶನಿವಾರ ಸಾಕು, ಠಾಣೆಯ ಬಾಗಿಲಲ್ಲಿ ಸಾರ್ವಜನಿಕರಿಗೆ ತೆರೆದಿಡಲಿ. ಬಂದವರ ಗಾಜು ಅಳೆದು ಚೀಟಿಯಲ್ಲಿ ಅಂಕಿ, ದಿನಾಂಕ, ವಾಹನದ ನಂಬರ್ ಬರೆದುಕೊಟ್ಟರೆ ಆಯಿತು, ದಂಡ ಬೇಡ. ಫಿಲ್ಮ್ ಹಾಕಿಸುವ ಮುಂಚೆ ಬಂದವನಿಗೆ ಗಾಜಿನ ಮೂಲ ಅಂಕಿ ಸಿಗುತ್ತದೆ, ಹಾಕಿಸಿದ ಮೇಲೆ ಬಂದವನಿಗೆ ಅಂಗಡಿಯವನ ಹತ್ತಿರ ವಾಪಸ್ ಹೋಗಲು ಕಾಗದ ಸಿಗುತ್ತದೆ. ರಸ್ತೆಯಲ್ಲಿ ತಡೆದಾಗಲೂ ಬರಿಗಣ್ಣಿಗೆ ಕಪ್ಪು ಕಂಡಿತು ಎಂದು ಚಲನ್ ಬರೆಯುವ ಬದಲು ಮೀಟರಿನ ಅಂಕಿಯನ್ನೇ ಚಲನ್ನಿನಲ್ಲಿ ನಮೂದಿಸುವಂತಾಗಲಿ. ಸಂಜೆ ಮೋಡದಲ್ಲಿ ನಿಂತ 78ರ ಬರಿಗಾಜೂ ಹೊರಗಿನಿಂದ ಕಪ್ಪಾಗಿಯೇ ಕಾಣುತ್ತದೆ.

ಇಂತಿ,
ಒಬ್ಬ ಓದುಗ
ಜಯನಗರ, ಬೆಂಗಳೂರು